ಕಣ್ಣು ಬರೆಯುವ ಮೇಷ್ಟ್ರು

ಬೆಳಗಿನ ಆರೂವರೆ. ಕಣ್ಣಾಸ್ಪತ್ರೆಯ ಎರಡನೇ ಮಹಡಿಯ ಕೊನೆಯಲ್ಲಿ, ಹಾಸಿಗೆ ಬಟ್ಟೆಗಳ ಉಗ್ರಾಣಕ್ಕೆ ಅಂಟಿಕೊಂಡ ಪುಟ್ಟ ಕೋಣೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ತರಕಾರಿ ಅಂಗಡಿಯ ಹೆಂಗಸೊಬ್ಬರು ಕತ್ತು ನೆಟ್ಟಗೆ ಮಾಡಿಕೊಂಡು ಕೂತಿದ್ದಾರೆ. ಸೋಂಕು ತಗುಲಿ ಅವರ ಬಲಗಣ್ಣು ಹೋಗಿ ನಾಲ್ಕು ತಿಂಗಳಾಗಿದೆ. ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ ಐವತ್ನಾಲ್ಕು ವರ್ಷದ ಚಿತ್ರಗಾರರು. ಅವರ ಎಡಗೈಯಲ್ಲಿ ಅಂಗಿಯ ಗುಂಡಿಯಷ್ಟಗಲದ ಬಿಲ್ಲೆ, ಬಲಗೈಯಲ್ಲಿ ನಾಲ್ಕೈದೇ ಕೂದಲಿನ ಕುಂಚ.

"ನಂದು ಕಪ್ಪು ಕಣ್ಣಲ್ವಾ ಸಾರ್? ಅದಕ್ಕೆ ಇಷ್ಟೊತ್ತು ಯಾಕೆ?"

"ಕಪ್ಪು ಕಣ್ಣು ಅನ್ನೋದೇ ಇಲ್ಲಮ್ಮ. ನಿಮ್ದು ಕಂದು. ಮಧ್ಯೆ ಜೇನಿನ ಬಣ್ಣ, ಅಂಚಿಗೆ ಒಂಚೂರು ಬೂದಿ. ಅಲ್ಲಾಡ್ಬೇಡಿ."

"ನಲವತ್ತು ವರ್ಷದಿಂದ ಕನ್ನಡಿ ನೋಡ್ತಿದೀನಿ, ಜೇನು ಕಾಣಿಸ್ಲೇ ಇಲ್ಲ."

"ನಿಮಗೆ ತಲೆ ಬಾಚ್ಕೊಂಡು ಓಡೋ ಅವಸರ."

ಹೆಂಗಸು ನಗುತ್ತಾರೆ. ನಗು ನಿಲ್ಲುವವರೆಗೆ ಅವರು ಕುಂಚ ಎತ್ತಿ ಹಿಡಿದು ಕಾಯುತ್ತಾರೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು 'ಕಣ್ಣು ಮೇಷ್ಟ್ರು'. ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡುವುದು ಅವರ ಕೆಲಸ. ಬಣ್ಣ ಹೊಂದಿಸಲು ಬಿಸಿಲೇರುವ ಮುಂಚಿನ ಬೆಳಕೇ ಬೇಕು. ದೀಪದ ಬೆಳಕನ್ನು ಅವರು ನಂಬುವುದಿಲ್ಲ. ಮಧ್ಯಾಹ್ನ ಬಿಳಿಭಾಗದ ಸರದಿ. ಕೆಂಪು ರೇಷ್ಮೆ ದಾರವನ್ನು ಎಳೆಎಳೆಯಾಗಿ ಬಿಡಿಸಿ, ಅದರ ಮೇಲೆ ನರಗಳಂತೆ ಅಂಟಿಸುತ್ತಾರೆ. ರಾತ್ರಿ ಪಾಳಿಯ ಕಾವಲುಗಾರನ ಕಣ್ಣಿಗೆ ಎಳೆ ಹೆಚ್ಚು, ಮಗುವಿನ ಕಣ್ಣಿಗೆ ಎರಡೇ ಎರಡು. ವಾರಕ್ಕೆ ನಾಲ್ಕು ಕಣ್ಣು. ಇಪ್ಪತ್ತೈದು ವರ್ಷಕ್ಕೆ ಐದು ಸಾವಿರದ ಹತ್ತಿರ ಬಂದಿರಬೇಕು. ಒಂದರ ಮೇಲೂ ಅವರ ಸಹಿ ಇಲ್ಲ.

ಸಹಿ ಹಾಕುವ ಆಸೆ ಒಂದು ಕಾಲಕ್ಕೆ ಇತ್ತು. ಚಿತ್ರಕಲಾ ಶಾಲೆಯಿಂದ ಹೊರಬಿದ್ದ ವರ್ಷ ಹನ್ನೊಂದು ಚಿತ್ರಗಳ ಪ್ರದರ್ಶನ ಇಟ್ಟಿದ್ದರು. ಮಾರಾಟವಾದದ್ದು ಒಂದು. "ಅದನ್ನೂ ನಮ್ಮ ಸೋದರಮಾವ ತಗೊಂಡ್ರು. ಹಾಲ್‌ನಲ್ಲಿ ತೂಗುಹಾಕಿದ್ರು, ತಲೆಕೆಳಗಾಗಿ," ಎನ್ನುತ್ತಾರೆ. ಅಷ್ಟರಲ್ಲಿ ತಂದೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಹಿರಿಮಗನಾದವನಿಗೆ ಸಂಬಳ ಬೇಕಿತ್ತು. 'ಆರು ತಿಂಗಳ ಮಟ್ಟಿಗೆ' ಎಂದು ಆಸ್ಪತ್ರೆಗೆ ಸೇರಿದರು. ಕಲೆಗೆ ಎಳ್ಳುನೀರು ಬಿಟ್ಟಾಯಿತು ಎಂದುಕೊಂಡೇ ಮೊದಲ ಕಣ್ಣು ಬರೆದರು.

ಮೂವತ್ತೇಳರ ವಯಸ್ಸಿನಲ್ಲಿ ಜಾಹೀರಾತು ಕಂಪನಿಯೊಂದು ಕರೆಯಿತು. ಸಂಬಳ ಮೂರು ಪಟ್ಟು. ಮನೆ ಸಾಲ ಕುತ್ತಿಗೆಗೆ ಬಂದಿತ್ತು, ಮಗಳು ಶಾಲೆಗೆ ಸೇರುವವಳಿದ್ದಳು. ಹೋದರು. ಹದಿನಾಲ್ಕು ತಿಂಗಳು ಸೋಪಿನ ನೊರೆ, ಹೊಳೆಯುವ ಟೊಮೆಟೊ ಬರೆದರು. ಆ ದಿನಗಳನ್ನು ಅವರು ಹಳಿಯುವುದಿಲ್ಲ. "ತಣ್ಣಗಿನ ಕೋಣೆ, ಒಳ್ಳೆ ಕುರ್ಚಿ. ಅಪ್ಪನ ಔಷಧಿಗೆ ಯಾರ ಮುಂದೂ ಕೈ ಚಾಚಲಿಲ್ಲ. ಸುಳ್ಳು ಯಾಕೆ ಹೇಳ್ಲಿ?"

ಒಂದು ದಿನ ಆಸ್ಪತ್ರೆಯ ದಾದಿಯ ಫೋನ್ ಬಂತು. ಹಿಂದೆ ಅವರೇ ಕಣ್ಣು ಮಾಡಿಕೊಟ್ಟಿದ್ದ ಹುಡುಗಿಯೊಬ್ಬಳು ಬೆಳೆದಿದ್ದಾಳೆ, ಹಳೆಯದು ಸಣ್ಣದಾಗಿದೆ, ತರಿಸಿದ ಸಿದ್ಧ ಕಣ್ಣಿನ ಬಣ್ಣ ಹೊಂದುತ್ತಿಲ್ಲ. "ಮುಖದ ಮೇಲೆ ಕೂದಲು ಬಿಟ್ಕೊಂಡು ಕೂತಿದಾಳೆ ಮೇಷ್ಟ್ರೇ, ಎತ್ತೋದೇ ಇಲ್ಲ ಅಂತಾಳೆ." ಭಾನುವಾರ ಹೋಗಿ ಮಾಡಿಕೊಟ್ಟರು. ಮುಂದಿನ ಭಾನುವಾರ ಇನ್ನೊಬ್ಬರು. ಅದರ ಮುಂದಿನ ವಾರ ಮೂವರು.

ಇದನ್ನು ನೋಡುತ್ತಿದ್ದವರು ಅವರ ಹೆಂಡತಿ, ವಿಮಾ ಕಚೇರಿಯ ಗುಮಾಸ್ತೆ. ಒಂದು ಸಂಜೆ ಸೊಪ್ಪು ಬಿಡಿಸುತ್ತ ಹೇಳಿದರು: "ವಾರವೆಲ್ಲ ದುಡ್ಡು ತರ್ತೀರಿ, ಮಾತಾಡಲ್ಲ. ಭಾನುವಾರ ಮಾತಾಡ್ತೀರಿ, ದುಡ್ಡು ತರಲ್ಲ. ನನಗೆ ಎರಡೂ ಬೇಕು. ದಾರಿ ಹುಡುಕಿ."

ದಾರಿ ಹುಡುಕಲು ಎರಡು ತಿಂಗಳು ಹಿಡಿಯಿತು. ವಾಪಸ್ ಬರುತ್ತೇನೆ, ಆದರೆ ಹಳೆಯ ಸಂಬಳಕ್ಕಲ್ಲ ಎಂದು ಆಸ್ಪತ್ರೆಯ ಮುಖ್ಯಸ್ಥರ ಮುಂದೆ ಕೂತರು. ಇದು ಪುಣ್ಯದ ಕೆಲಸ ಅಲ್ಲವೇ ಎಂದು ಮುಖ್ಯಸ್ಥರು ಕೇಳಿದರು. "ಪುಣ್ಯ ಅಂತ ಹಾಲಿನವನು ಹಾಲು ಬಿಟ್ಟಿ ಕೊಡಲ್ಲ ಸಾರ್. ಇದನ್ನ ಸೇವೆ ಅನ್ಬೇಡಿ, ಕೆಲಸ ಅನ್ನಿ," ಎಂದರು ಮೇಷ್ಟ್ರು. ಕಡೆಗೆ ಒಂದೂವರೆ ಪಟ್ಟಿಗೆ ಒಪ್ಪಂದವಾಯಿತು. ಉಳಿದ ಕೊರತೆಗೆ ಶನಿವಾರ ಮಧ್ಯಾಹ್ನ ಈಗಲೂ ಟೊಮೆಟೊ ಬರೆಯುತ್ತಾರೆ. ಮನೆ ಸಾಲ ತೀರಲು ಲೆಕ್ಕ ಹಾಕಿದ್ದಕ್ಕಿಂತ ಆರು ವರ್ಷ ಹೆಚ್ಚು ಹಿಡಿಯಿತು. ಹೆಂಡತಿ ಆ ಆರು ವರ್ಷವನ್ನು ಮರೆತಿಲ್ಲ. ಹಾಗಂತ ಎತ್ತಿ ಆಡುವುದೂ ಇಲ್ಲ.

ಮಗಳ ಕೈಯಲ್ಲೂ ಚಿತ್ರಕಲೆ ಇತ್ತು. ಓದು ಆರಿಸಿಕೊಳ್ಳುವ ಹೊತ್ತು ಬಂದಾಗ ಅವಳು ಲೆಕ್ಕಪತ್ರದ ಕೋರ್ಸ್ ಹಿಡಿದಳು. ಅಪ್ಪನಿಗೆ ಬೇಸರವಾಗಿರಬೇಕೆಂದು ನೆಂಟರೆಲ್ಲ ಕೇಳಿದರು. "ನೆಮ್ಮದಿಯಾಗಿ ನಿದ್ದೆ ಮಾಡಬೇಕು ಅಂದ್ಲು. ಅದೂ ಒಂದು ಆಸೆ ತಾನೇ? ನಾನ್ಯಾಕೆ ಅಡ್ಡ ಬರ್ಲಿ?" ಎನ್ನುವ ಅವರು, "ಒಂದು ದಿನ ಪೂರ್ತಿ ಬೇಜಾರಾಗಿತ್ತು, ನಿಜ," ಎಂದು ಸೇರಿಸುತ್ತಾರೆ.

ಮತ್ತೆ ಪ್ರದರ್ಶನ ಇಡುವ ಮನಸ್ಸಿದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿ, ಕಳೆದ ತಿಂಗಳ ಸಂಗತಿಯೊಂದನ್ನು ಹೇಳುತ್ತಾರೆ. ಬಸ್ಸಿನಲ್ಲಿ ಒಬ್ಬ ಯುವಕ ಚಿಲ್ಲರೆಗಾಗಿ ಕಂಡಕ್ಟರನ ಜತೆ ಜಗಳಕ್ಕೆ ನಿಂತಿದ್ದ. ಹುಬ್ಬಿನ ಮೇಲಿನ ಗಾಯದ ಕಲೆಯಿಂದ ಗುರುತು ಸಿಕ್ಕಿತು: ಮೂರು ವರ್ಷದ ಹಿಂದೆ ತಮ್ಮ ಕೋಣೆಯಲ್ಲಿ ಕೂತಿದ್ದವನೇ.

"ಅವನು ನನ್ನ ಕಡೆಗೂ ತಿರುಗಿ ನೋಡ್ದ, ಗುರುತು ಹಿಡೀಲಿಲ್ಲ. ಒಳ್ಳೇದೇ ಆಯ್ತು," ಎನ್ನುತ್ತಾರೆ ಮೇಷ್ಟ್ರು. "ಎರಡೂ ಕಣ್ಣಲ್ಲಿ ಅಷ್ಟೇ ಸಿಟ್ಟಿತ್ತು. ನಾನು ಮಾಡಿದ್ದು ಯಾವುದು ಅಂತ ಒಂದು ಗಳಿಗೆ ನನಗೇ ಗೊತ್ತಾಗ್ಲಿಲ್ಲ."