ಹಾವುಮೀನು ತೋರಿಸಿದ ಮೇಸ್ತ್ರಿಯಮ್ಮ

ಕಳೆದ ತಿಂಗಳು ನಮ್ಮ ವಿದ್ಯಾರ್ಥಿಗಳು ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹೆಕ್ಕಿದ ಕಪ್ಪೆಚಿಪ್ಪುಗಳನ್ನು ಹಳೆಯ ಗೋಣಿಚೀಲವೊಂದರಲ್ಲಿ ತುಂಬಿಕೊಂಡು ಪ್ರಯೋಗಾಲಯಕ್ಕೆ ತಂದರು. ಚೀಲ ಮೇಜಿನ ಮೇಲೆ ಬಿದ್ದದ್ದೇ ಒದ್ದೆ ಗೋಣಿಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಕಿಟಕಿ ತೆರೆಯಲು ಹೊರಟವಳು ಅಲ್ಲೇ ನಿಂತೆ. ಕೊಟ್ಟಿಗೆಹಾರದ ಆಚೆ, ಕಾಫಿ ತೋಟದ ಕೆಳಗಿನ ಹಳ್ಳದ ದಂಡೆಯಲ್ಲಿ, ಇಂಥದೇ ಒಂದು ಒದ್ದೆ ಗೋಣಿಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಮೇಸ್ತ್ರಿಯಮ್ಮ ಕಣ್ಣ ಮುಂದೆ ಬಂದರು...

ಹೆಂಗಸರಲ್ಲಿ ಮೇಸ್ತ್ರಿಯಾದವರು ನಮ್ಮ ಕಡೆ ಅವರೊಬ್ಬರೇ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಟವೆಲ್ಲು. ಕಾಫಿ ಹಣ್ಣು ಕೊಯ್ಯುವ ಮೂವತ್ತು ಹೆಂಗಸರನ್ನು ಅವರು ಗದರದೆ ನಡೆಸುತ್ತಿದ್ದರು. ನನ್ನಮ್ಮ ಆ ಮೂವತ್ತರಲ್ಲಿ ಒಬ್ಬಳು. ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಭಾನುವಾರ ಅವರು ಹಳ್ಳಕ್ಕಿಳಿದರೆ ಬಲೆ ಬೇಕಿರಲಿಲ್ಲ. ಬಂಡೆಯಡಿ ಕೈ ಹಾಕಿ ಏಡಿ, ಮೀನು ಹಿಡಿಯುತ್ತಿದ್ದರು. ಅಪರೂಪಕ್ಕೊಮ್ಮೆ ತೋಳುದ್ದದ ಹಾವುಮೀನು ಸಿಗುತ್ತಿತ್ತು. ಸಾರು ಮಾಡಿದ ದಿನ ನಮಗೂ ಒಂದು ಬಟ್ಟಲು ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಘಟ್ಟದ ಕೆಳಗೆ ಸಾಗರ ಜೀವಶಾಸ್ತ್ರದ ಎಂ.ಎಸ್ಸಿ. ಓದಲು ಸೇರಿದೆ. ಕೊನೆಯ ವರ್ಷದಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ. ಸೆಮಿನಾರು, ಇಂಟರ್ನಲ್ ಪರೀಕ್ಷೆ, ಚಿತ್ರ ಬಿಡಿಸಿ ಮುಗಿಯದ ರೆಕಾರ್ಡು ಪುಸ್ತಕಗಳು, ಅದರ ಮೇಲೆ ಪ್ರಬಂಧ. ಇವೆಲ್ಲದರ ನಡುವೆ ಫೀಲ್ಡ್ ಟ್ರಿಪ್. ಒಂದು ಹೊಳೆಯನ್ನು ಅಳಿವೆಯಿಂದ ಮೇಲಕ್ಕೆ ಹಿಂಬಾಲಿಸಿ, ಸಿಹಿನೀರಿಗೂ ಉಪ್ಪುನೀರಿಗೂ ನಂಟಿರುವ ಜೀವಿಗಳನ್ನು ನೋಡಬೇಕಿತ್ತು. ಘಟ್ಟದ ಬುಡದಲ್ಲಿ ಮುಗಿಸುವುದೆಂದು ನಮ್ಮ ಪ್ರಾಧ್ಯಾಪಕರಾದ ಸರ್ ಹೇಳಿದಾಗ ನಾನು ಎದ್ದು ನಿಂತೆ. ಹಾವುಮೀನು ಘಟ್ಟದ ಮೇಲೂ, ಇದೇ ಹೊಳೆಗೆ ಇಳಿಯುವ ನಮ್ಮೂರ ಹಳ್ಳದಲ್ಲೂ ಇದೆ ಎಂದೆ.

"ನೀನು ನೋಡಿದ್ದೀಯಾ?"

"ತಿಂದಿದ್ದೀನಿ ಸರ್."

ತರಗತಿ ನಕ್ಕಿತು. ಸರ್ ನಗಲಿಲ್ಲ. ಸಮುದ್ರದಲ್ಲಿ ಹುಟ್ಟಿ, ಹೊಳೆಯಲ್ಲಿ ಬೆಳೆದು, ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೇ ಹೋಗುವ ಮೀನು ಅದು. ಅಷ್ಟು ಎತ್ತರಕ್ಕೆ ಏರುತ್ತದೆಂದರೆ ನೋಡಲೇಬೇಕು ಎಂದರು. ಟ್ರಿಪ್ಪಿನ ಮೂರನೆಯ ದಿನ ನಮ್ಮೂರಿಗೆ ಎಂದು ತೀರ್ಮಾನವಾಯಿತು. ನಾನು ಅಮ್ಮನಿಗೆ ಕಾರ್ಡು ಬರೆದೆ, ಮೇಸ್ತ್ರಿಯಮ್ಮನಿಗೆ ಹೇಳು ಎಂದು. ಆಮೇಲೆ ಭಯ ಹತ್ತಿತು. ಮೀನು ಸಿಗದಿದ್ದರೆ ಇಡೀ ತರಗತಿಯ ಒಂದು ದಿನ ಹಾಳು. ಇನ್ನೊಂದು ಭಯವೂ ಇತ್ತು... ಸೇರಿದ ಹೊಸದರಲ್ಲಿ ಯಾರೋ ಕೇಳಿದಾಗ ನಾನು "ನಮ್ಮದು ಎಸ್ಟೇಟು" ಎಂದಿದ್ದೆ. ಎಲ್ಲರೂ ನನ್ನನ್ನು ತೋಟದೊಡೆಯ ಪ್ಲಾಂಟರ ಮಗಳೆಂದು ತಿಳಿದಿದ್ದರು. ನಾನು ತಿದ್ದಿರಲಿಲ್ಲ.

ಚಾರ್ಮಾಡಿಯ ತಿರುವುಗಳಲ್ಲಿ ಬಸ್ಸು ವಾಲುತ್ತಿದ್ದರೂ ಹುಡುಗಿಯರು ತೊಡೆಯ ಮೇಲೆ ರೆಕಾರ್ಡು ಇಟ್ಟುಕೊಂಡು ಬರೆಯುತ್ತಿದ್ದರು. ನನಗೆ ಒಂದು ಗೆರೆ ಎಳೆಯಲೂ ಕೈ ಬರಲಿಲ್ಲ.

ಮೇಸ್ತ್ರಿಯಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಬಳಿ ಅರ್ಧ ದಿನದ ರಜೆ ಕೇಳಿ ಬಂದು ಕಾದಿದ್ದರು. ಅದೇ ಅಂಗಿ, ಅದೇ ಟವೆಲ್ಲು. ನನ್ನ ಪಕ್ಕದಲ್ಲಿದ್ದ ಗೆಳತಿ, "ಇವರು ನಿಮ್ಮ ಆಳಾ?" ಎಂದು ಕೇಳಿದಳು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ. ಮೇಸ್ತ್ರಿಯಮ್ಮ ಒಮ್ಮೆ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು.

"ಹೌದಮ್ಮ, ಎಸ್ಟೇಟಿನ ಆಳು ನಾನು. ಬನ್ನಿ, ಬಿಸಿಲೇರೋ ಮುಂಚೆ ಹೋಗುವ," ಎಂದು ಮುಂದೆ ನಡೆದರು.

ಮೊದಲ ಎರಡು ಬಂಡೆಗಳಡಿ ಏನೂ ಸಿಗಲಿಲ್ಲ. ಯಾರೋ ಗಡಿಯಾರ ನೋಡಿಕೊಂಡರು. ಮೂರನೆಯ ಕಡೆ ಅವರು ಹಿಡಿದದ್ದು ಜಾರದಂತೆ ಕೈಗೆ ಬೂದಿ ಬಳಿದುಕೊಂಡು, ಕೆನ್ನೆ ನೀರಿಗೆ ತಾಗುವಷ್ಟು ಬಾಗಿ, ಭುಜದವರೆಗೆ ತೋಳನ್ನು ಬಂಡೆಯಡಿ ತೂರಿಸಿದರು. ತುಂಬ ಹೊತ್ತು ಹಾಗೇ ಇದ್ದರು. ಆಮೇಲೆ ಮೆಲ್ಲಗೆ ಹೊರಗೆಳೆದರು. ಮಚ್ಚೆ ಮಚ್ಚೆಯ ಕಂದು ಮೈ ಅವರ ಮುಂಗೈಗೆ ಸುತ್ತಿಕೊಂಡಿತ್ತು. ಒದ್ದೆ ಗೋಣಿಯ ಮೇಲೆ ಅದನ್ನು ಮಲಗಿಸಿ, ಕೇಳುವ ಮೊದಲೇ ಹೇಳತೊಡಗಿದರು. ಮಳೆಗಾಲದಲ್ಲಿ ದಬ್ಬಣದಷ್ಟು ಸಣ್ಣ ಮರಿಗಳು ಒದ್ದೆ ಬಂಡೆಗೆ ಅಂಟಿಕೊಂಡು ಏರಿ ಬರುತ್ತವೆ, ದೊಡ್ಡವು ನೆರೆನೀರಿನಲ್ಲಿ ಇಳಿದು ಹೋಗುತ್ತವೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು.

"ಒಂದು ಮಾತ್ರ ನಂಗೆ ತಿಳೀಲಿಲ್ಲ ಸಾರ್. ಇಷ್ಟು ವರ್ಷದಲ್ಲಿ ಎಷ್ಟು ಸೀಳಿದ್ದೀನೋ, ಒಂದರ ಹೊಟ್ಟೇಲೂ ಮೊಟ್ಟೆ ಕಂಡಿಲ್ಲ. ಇವು ಹುಟ್ಟೋದೆಲ್ಲಿ?"

ಸರ್ ಪ್ಯಾಂಟು ಒದ್ದೆಯಾಗುವುದನ್ನೂ ಲೆಕ್ಕಿಸದೆ ಬಂಡೆಯ ಮೇಲೆ ಕೂತರು. "ಸಮುದ್ರದಲ್ಲಿ. ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದು ಇದೇ ಪ್ರಶ್ನೆಗಮ್ಮ," ಎಂದರು. ಆಮೇಲೆ ನೋಟ್‌ಬುಕ್ಕು ತೆಗೆದು, "ಇನ್ನೊಂದ್ಸಲ ಮೊದಲಿಂದ ಹೇಳಿ. ಬರ್ಕೊಳ್ತೀನಿ," ಎಂದರು. ಇಡೀ ತರಗತಿ ಬರೆದುಕೊಂಡಿತು.

ನನಗೆ ಹೆಮ್ಮೆಯಾಯಿತು. ಇವರನ್ನು ನನ್ನವರೆಂದು ಹೇಳದೆ ಇದ್ದೆನಲ್ಲ ಎಂಬ ನಾಚಿಕೆಯೂ ಜೊತೆಗೇ ಬಂತು. "ಸರ್, ನನ್ನಮ್ಮ ಕಾಫಿ ಕೊಯ್ಯೋದು ಇವರ ಕೈಕೆಳಗೆ. ಅಲ್ಲಿ ಕಾಣೋ ಲೈನಿನಲ್ಲಿ ಮೂರನೇ ಮನೆ ನಮ್ಮದು," ಎಂದೆ. ಆಳಾ ಎಂದು ಕೇಳಿದ್ದ ಗೆಳತಿಯೇ ಲೈನಿನ ಕಡೆ ತಿರುಗಿ, "ಹಾಗಾದ್ರೆ ಕಾಫಿ ಅಲ್ಲೇ ಕುಡಿಯೋಣ," ಎಂದಳು.

ಸರ್ ಸತ್ತ ಮೀನು ಕೆಡದಂತೆ ಇಡುವ ಫಾರ್ಮಲಿನ್ ತುಂಬಿದ ದೊಡ್ಡ ಗಾಜಿನ ಜಾಡಿಯ ಮುಚ್ಚಳ ತಿರುಗಿಸಿದರು. ಮೇಸ್ತ್ರಿಯಮ್ಮ ಗೋಣಿಯನ್ನು ತಮ್ಮತ್ತ ಎಳೆದುಕೊಂಡರು.

"ತಿನ್ನೋಕೆ ಹಿಡೀತೀನಿ ಸಾರ್. ಬಾಟ್ಲಿಲಿ ಇಡೋಕೆ ಹಿಡಿಯೋದಿಲ್ಲ. ಇದು ಬೆಳೆದು ನಿಂತದ್ದು, ಈ ಮಳೆಗಾಲಕ್ಕೆ ಇಳಿದು ಹೋಗೋದು."

ನಾನು ಸರ್ ಕಡೆ ನೋಡಲು ಹೆದರಿದೆ. ಅವರು ಮುಚ್ಚಳ ಮತ್ತೆ ಬಿಗಿದು, "ಬಿಡಿ ಅಮ್ಮ," ಎಂದರು. ಮೀನು ನೀರಿಗೆ ಜಾರಿತು.

ಆ ಸಂಜೆ ನಮ್ಮ ಮನೆಯ ನೆಲದ ಮೇಲೆ ರೆಕಾರ್ಡು ಪುಸ್ತಕಗಳು ಹರಡಿಕೊಂಡವು. ಮೇಸ್ತ್ರಿಯಮ್ಮ ಕಾಫಿ ಲೋಟ ಹಿಡಿದು ಒಂದೊಂದೇ ಚಿತ್ರ ನೋಡುತ್ತ ಬಂದರು. ನನ್ನದರ ಮುಂದೆ ನಿಂತು, "ಬೆನ್ನಿನ ರೆಕ್ಕೆ ಬಾಲದವರೆಗೂ ಒಂದೇ ಸಮ ಹೋಗ್ತದೆ ಮಾರಾಯ್ತಿ, ನಡುವೆ ಯಾಕೆ ಕಡಿದೆ?" ಎಂದರು. ಅಳಿಸಿ ಮತ್ತೆ ಬಿಡಿಸಿದೆ. ಆ ವಾರದ ಪರೀಕ್ಷೆಯಲ್ಲಿ ನನಗೆ ಬಂದ ಅಂಕ ತೀರಾ ಸಾಧಾರಣ. ಆದರೆ ಅದೇ ಹಳ್ಳದ ಮೇಲೆ ಬರೆದ ಪ್ರಬಂಧ ಮೆಚ್ಚುಗೆ ಪಡೆಯಿತು. ಅದರ ಮೊದಲ ಪುಟದಲ್ಲಿ, ಪ್ರಾಧ್ಯಾಪಕರ ಹೆಸರಿಗಿಂತ ಮೇಲೆ, ಮೇಸ್ತ್ರಿಯಮ್ಮನ ಹೆಸರಿದೆ. ಹಾಗೇ ಇರಲಿ ಎಂದವರು ಸರ್.

ಕೆಲಸ ಸಿಕ್ಕಿದ ವರ್ಷ ಅವರನ್ನು ಕಡಲಿಗೆ ಕರೆದುಕೊಂಡು ಹೋದೆ. ಅಳಿವೆಯ ಬಾಯಲ್ಲಿ ತುಂಬ ಹೊತ್ತು ನಿಂತು, "ಇಷ್ಟು ದೊಡ್ಡದ್ರಲ್ಲಿ ಆ ಮೀನಿಗೆ ದಾರಿ ಹೇಗೆ ಸಿಗ್ತದೆ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಗೊತ್ತಾದ ದಿನ ಹೇಳು ಎಂದರು. ಎರಡು ವರ್ಷ ಕಳೆದು, ಕೊಯ್ಲಿನ ದಿನಗಳಲ್ಲಿ, ಜ್ವರದಲ್ಲಿ ತೀರಿಕೊಂಡರು. ಸುದ್ದಿ ತಲುಪಿ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಮೊನ್ನೆ ರಜೆಯಲ್ಲಿ ಆ ಲೈನಿಗೆ ಹೋದೆ. ಅಮ್ಮ ಈಗ ನನ್ನ ಜೊತೆಗಿದ್ದಾಳೆ, ಅಲ್ಲಿ ನಮ್ಮವರು ಯಾರೂ ಇಲ್ಲ. ಮೇಸ್ತ್ರಿಯಮ್ಮನ ಮನೆಯಲ್ಲಿ ದೂರದ ಊರಿನಿಂದ ಬಂದ ಸಂಸಾರವೊಂದಿದೆ. ಬಾಗಿಲಿಗೆ ಬಂದ ಹೆಂಗಸು, "ಯಾರು ಬೇಕಿತ್ತು?" ಎಂದಳು. ಹೆಸರು ಹೇಳಿದೆ. ಕೇಳಿಲ್ಲ ಎಂದು ತಲೆಯಾಡಿಸಿದಳು. ಮನೆ ಸೇರಿ ನಾಲ್ಕು ವರ್ಷವಾದರೂ ಯಾರೂ ಅವಳಿಗೆ ಹೇಳಿರಲಿಲ್ಲ.

ಹಿಂತಿರುಗಲು ಮನಸ್ಸಾಗಲಿಲ್ಲ. "ನೀವು ಎಂಥವರ ಮನೆಯಲ್ಲಿದ್ದೀರಿ ಗೊತ್ತಾ?" ಎಂದೆ. ಅವಳು ಒಳಗಿನಿಂದ ಕುರ್ಚಿ ತಂದಿಟ್ಟಳು.