ಒಂದು ತಟ್ಟಿದರೆ ನಿಲ್ಲಿಸು

ನಮ್ಮಣ್ಣ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಅವನ ಅರ್ಧ ಆಯಸ್ಸು ಕನಕಪುರ ರಸ್ತೆಯ ಬಸ್ಸುಗಳಲ್ಲೇ ಕಳೆಯಿತು. ಸೀಟಿ ಊದುವುದು ಅವನಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಬಾಗಿಲ ಪಕ್ಕದ ತಗಡಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಹೊರಡು. ಎಷ್ಟೇ ಜನ ತುಂಬಿರಲಿ, ಎಷ್ಟೇ ಗದ್ದಲವಿರಲಿ, ಡ್ರೈವರ್ ತಿರುಗಿ ನೋಡದೆ ಕೇಳಿಸಿಕೊಳ್ಳುತ್ತಿದ್ದ.

ಆ ಅಭ್ಯಾಸ ಮನೆಗೂ ಬಂದಿತ್ತು. ಸಾರು ಬಡಿಸುವಾಗ ಸಾಕು ಎನ್ನಲು ತಟ್ಟೆಯ ಅಂಚಿಗೆ ಒಂದು ಏಟು. ಯಾವುದಾದರೂ ಮದುವೆಗೆ ಹೊರಟಾಗ ನಾನು ಸೀರೆ ಉಡುತ್ತಾ ತಡ ಮಾಡಿದರೆ ಬಾಗಿಲಿಗೆ ಎರಡು ಏಟು. "ರೈಟ್ ರೈಟ್! ಮೇಡಂ, ಹತ್ತೋದಾದ್ರೆ ಹತ್ತಿ, ಇಲ್ಲಾಂದ್ರೆ ಮುಂದಿನ್ ಬಸ್ಸಿಗೆ ಬನ್ನಿ."

ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದೆ ನಾನು ಮಾಡಿದ್ದನ್ನು ಓದುವವರು, ಪಾಪ, ಇವಳಿಗೆ ಗೊತ್ತಿರಲಿಲ್ಲವೇನೋ ಎಂದುಕೊಳ್ಳಬಾರದು. ನನಗೆ ಗೊತ್ತಿತ್ತು.

ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಗಂಡ ತೀರಿಕೊಂಡ ಮೇಲೆ ಜರಗನಹಳ್ಳಿಯ ಅಣ್ಣನ ಬಾಡಿಗೆ ಮನೆಗೆ ಬಂದೆ. ಅವನು ಮದುವೆಯಾಗಿರಲಿಲ್ಲ. ಬಾ ಎಂದೂ ಅನ್ನಲಿಲ್ಲ, ಎಷ್ಟು ದಿನ ಇರುತ್ತೀಯಾ ಎಂದೂ ಕೇಳಲಿಲ್ಲ. ಒಳಗಿನ ರೂಮಿನಲ್ಲಿದ್ದ ತನ್ನ ಟ್ರಂಕನ್ನು ಎಳೆದುಕೊಂಡು ಹಾಲಿಗೆ ಬಂದು ಮಲಗಿದ, ಅಷ್ಟೇ. ನಾನು ಸೀರೆಗಳಿಗೆ ಕುಚ್ಚು ಕಟ್ಟುವುದನ್ನು ಕಲಿತೆ. ಸೆರಗಿನ ತುದಿಯ ದಾರಗಳನ್ನು ಬಿಡಿಸಿ, ಗಂಟು ಹಾಕಿ, ಮಣಿ ಪೋಣಿಸುವ ಕೆಲಸ. ಜಯನಗರದ ಒಂದು ಅಂಗಡಿಯಿಂದ ಸೀರೆ ತಂದು, ಕಟ್ಟಿ, ವಾಪಸ್ ಕೊಟ್ಟು ಬರುತ್ತಿದ್ದೆ.

ರಿಟೈರ್ ಆದ ಮರುವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಪೂರ್ತಿ ಹೋಯಿತು ಎನ್ನುವಂತೆಯೂ ಇಲ್ಲ. ಒಂದು ಮಾತು ಉಳಿಯಿತು, "ಅದೇ". ಕಾಫಿ ಬೇಕಾ ಅಂದರೂ ಅದೇ, ಬೇಡವಾ ಅಂದರೂ ಅದೇ. ನಾವು ಹೇಳುವುದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಹೇಳಬೇಕಾದ್ದು ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ.

ಕೆಳಗಿನ ಮನೆಯ ಓನರ್ ಆಂಟಿ ನೋಡಲು ಬಂದವರು ಅವನ ಕಾಲ ಬಳಿ ಕುಳಿತು ಹೇಳಿದರು, "ನಾನ್ ಏನ್ ಹೇಳಿದ್ರೂ ಅದೇ ಅದೇ ಅಂತಾರಲ್ಲಮ್ಮ ನಿಮ್ಮಣ್ಣ! ನಮ್ಮನೆಯವ್ರು ಇಷ್ಟ್ ವರ್ಷದಲ್ಲಿ ಒಂದ್ ಸಲನಾದ್ರೂ ಹಂಗಂದಿದ್ರೆ ಕೇಳು."

ಅಣ್ಣ ನಕ್ಕ. ಅರ್ಧ ಬಾಯಲ್ಲಿ ನಕ್ಕರೂ ಅದು ಅವನದೇ ನಗು.

ಮಾತು ಕಲಿಸುವ ಮೇಡಂ ಒಬ್ಬರ ಹತ್ತಿರ ಬನಶಂಕರಿಗೆ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಸಣ್ಣ ವಯಸ್ಸಿನ ಹುಡುಗಿ, ತಾಳ್ಮೆಯವಳು. ಆಕೆ ಒಂದು ರಟ್ಟು ಕೊಟ್ಟಳು. ಅದರ ಮೇಲೆ ನೀರು, ಊಟ, ಬಚ್ಚಲು, ನೋವು, ಫ್ಯಾನು, ಸಾಕು, ಹೀಗೆ ದೊಡ್ಡ ದೊಡ್ಡ ಚಿತ್ರಗಳು. ಅಣ್ಣ ಎಡಗೈ ಬೆರಳಿಟ್ಟು ತೋರಿಸಬೇಕು, ನಾನು ನೋಡಿ ಬಾಯಿಬಿಟ್ಟು ಹೇಳಬೇಕು.

"ಟ್ಯಾಬಲ್ಲೂ ಇದು ಬರುತ್ತಂತಲ್ಲ ಮೇಡಂ? ಒತ್ತಿದ್ರೆ ಅದೇ ಮಾತಾಡುತ್ತಂತೆ," ಎಂದೆ.

"ಬರುತ್ತೆ ಅಕ್ಕ. ಕೆಲವ್ರಿಗೆ ತುಂಬಾ ಉಪಯೋಗ ಆಗುತ್ತೆ. ಆದ್ರೆ ಇವ್ರ ಎಡಗೈ ಇನ್ನೂ ನಡುಗ್ತಿದೆ. ಸದ್ಯಕ್ಕೆ ರಟ್ಟೇ ಇರ್ಲಿ. ನೀವು ಎದುರಿಗೆ ಕೂತ್ಕೊಂಡು ಮಾಡಿಸಿ."

ಎದುರಿಗೆ ಕೂತುಕೊಂಡು. ನನಗೆ ಭಾರವಾದದ್ದು ಆ ಮಾತೇ. ರಟ್ಟಿಗೆ ದನಿಯಿಲ್ಲ. ಅವನ ಬೆರಳು ಎಲ್ಲಿಗೆ ಹೋಯಿತೆಂದು ನೋಡಲು ಒಬ್ಬರು ಕೂತೇ ಇರಬೇಕು. ನೋಡುತ್ತಾ ಕೂತರೆ ಕುಚ್ಚು ಕಟ್ಟುವುದು ಯಾವಾಗ? ಟ್ಯಾಬ್ ಆದರೆ ತಾನೇ ಕೂಗುತ್ತದೆ, ನಾನು ಒಳಗಿನ ರೂಮಿನಲ್ಲಿದ್ದರೂ ಕೇಳಿಸುತ್ತದೆ. ಮುಂದಿನ ವಾರವೇ ಜಯನಗರಕ್ಕೆ ಹೋಗಿ ಒಂದು ಟ್ಯಾಬ್ ತಂದೆ. ಚಿತ್ರಗಳ ಆ್ಯಪನ್ನು ಅಂಗಡಿಯವನೇ ಹಾಕಿಕೊಟ್ಟ. ಅಣ್ಣನಿಗೋಸ್ಕರ ತಂದೆ ಎಂದು ಎಲ್ಲರಿಗೂ ಹೇಳಿದೆ. ತಂದದ್ದು ನನಗೋಸ್ಕರ.

ಬಂದ ನೆಂಟರು ಹೊಗಳಿದರು. "ಅಬ್ಬ, ಎಷ್ಟ್ ಚೆನ್ನಾಗ್ ನೋಡ್ಕೊಂಡಿದ್ದೀಯಮ್ಮ! ಯಾವ್ ತಂಗಿ ಮಾಡ್ತಾಳೆ ಈ ಕಾಲ್ದಲ್ಲಿ?" ಕೇಳಲು ಹಿತವಾಗಿತ್ತು.

ಅಣ್ಣನ ಪಾಡು ಬೇರೆಯಿತ್ತು. ನಡುಗುವ ಬೆರಳು ನೀರಿನ ಮೇಲೆ ಇಳಿಯುವಷ್ಟರಲ್ಲಿ ಅಂಗೈಯ ಅಂಚು ಬಚ್ಚಲಿಗೆ ತಾಕುತ್ತಿತ್ತು. "ನಾನು ಶೌಚಾಲಯಕ್ಕೆ ಹೋಗಬೇಕು," ಎಂದು ಒಂದು ಹೆಣ್ಣು ದನಿ ರೈಲ್ವೆ ಸ್ಟೇಷನ್ನಿನಲ್ಲಿ ಹೇಳುವ ಹಾಗೆ ಹೇಳುತ್ತಿತ್ತು. ನಾನು ಓಡಿ ಬಂದು ಎಬ್ಬಿಸಲು ಹೋದರೆ ಅವನು ತಲೆ ಕೊಡವುತ್ತಿದ್ದ, "ಅದೇ, ಅದೇ!" ಎಂದು ಸಿಟ್ಟಿನಿಂದ. ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಚಿತ್ರಗಳು ಜಾಗ ಬಿಟ್ಟು ಓಡಾಡುತ್ತಿದ್ದವು. ಸುಮ್ಮನೆ ಬಿಟ್ಟರೆ ಗಾಜು ಕಪ್ಪಾಗುತ್ತಿತ್ತು. ಊಟದ ಚಿತ್ರ ಒತ್ತಿದರೆ ಬರ್ಗರ್, ಸೇಬು, ಕೇಕು. ಮುದ್ದೆಯಿಲ್ಲ, ಬಸ್ಸಾರಿಲ್ಲ. ನಿಮ್ಮನೆ ಅಡುಗೆಯದೇ ಫೋಟೋ ತೆಗೆದುಕೊಂಡು ಬನ್ನಿ, ಹಾಕಿಕೊಡುತ್ತೇನೆ ಎಂದು ಟ್ಯಾಬ್ ನೋಡಿದ ಮೇಡಂ ಹೇಳಿದ್ದಳು. ನಾನು ತೆಗೆಯಲಿಲ್ಲ. "ಸಾಕು" ಎನ್ನುವ ಚಿತ್ರ ಇತ್ತು, ಆದರೆ ಎರಡನೇ ಪುಟದಲ್ಲಿ. ಅಲ್ಲಿಗೆ ಹೋಗಲು ಗಾಜನ್ನು ಪಕ್ಕಕ್ಕೆ ಸರಿಸಬೇಕು. ಅದು ಅವನ ಕೈಯಲ್ಲಿ ಆಗುತ್ತಿರಲಿಲ್ಲ.

ಇದೇ ಮನುಷ್ಯ ಟಿಕೆಟ್ ಮೆಷಿನ್ನನ್ನು ನೋಡದೆ ಒತ್ತುತ್ತಿದ್ದವನು. ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸು ಜೋಲಿ ಹೊಡೆಯುತ್ತಿದ್ದರೂ ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದು ಕೈಯ ಹೆಬ್ಬೆರಳು ಗುಂಡಿಗಳ ಮೇಲೆ, ಕಣ್ಣು ಹಿಂದಿನ ಬಾಗಿಲ ಕಡೆ. ಗುಂಡಿ ಒತ್ತಿದರೆ ಒಳಕ್ಕೆ ಹೋಗುತ್ತದೆ, ಹೋಯಿತೆಂದು ಬೆರಳಿಗೆ ಗೊತ್ತಾಗುತ್ತದೆ. ಗಾಜು ಬೆರಳಿಗೆ ಏನನ್ನೂ ಹೇಳುವುದಿಲ್ಲ. ನೀರು ಅಂದರೂ ನೋವು ಅಂದರೂ ಒಂದೇ ನುಣುಪು. ಕುಚ್ಚು ಕಟ್ಟುವವಳಿಗೆ ಇದು ತಿಳಿಯದ ವಿಷಯವಲ್ಲ. ಗಂಟು ಬಿಗಿಯಾಯಿತೋ ಇಲ್ಲವೋ ಎಂದು ನಾನು ಕಣ್ಣಿನಿಂದ ನೋಡುವುದಿಲ್ಲ.

ಟ್ಯಾಬ್ ಬೇಸರವಾದಾಗ ಅಣ್ಣ ಮಂಚದ ಕಬ್ಬಿಣದ ಪಟ್ಟಿಗೆ ಎಡಗೈ ಗೆಣ್ಣಿನಿಂದ ತಟ್ಟುತ್ತಿದ್ದ. ಟಕ್. ಮೊದಲ ಸಲ ಕೇಳಿದಾಗಲೇ ಅದು ಬಸ್ಸಿನ ಏಟೆಂದು ನನಗೆ ಗೊತ್ತಾಯಿತು. ಟ್ಯಾಬಿನಲ್ಲಿ ಯಾವುದೋ ವಿಡಿಯೋ ತನ್ನಷ್ಟಕ್ಕೆ ಒಂದರ ಹಿಂದೆ ಒಂದು ಓಡುತ್ತಿತ್ತು. ನಿಲ್ಲಿಸು ಅನ್ನುತ್ತಿದ್ದಾನೆ. ಹೋಗಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಟಕ್ ಟಕ್. ಹೊರಗೆ ಕರೆದುಕೊಂಡು ಹೋಗು ಅನ್ನುತ್ತಿದ್ದಾನೆ. ನನ್ನ ಮಡಿಲಲ್ಲಿ ಅರ್ಧ ಕಟ್ಟಿದ ರೇಷ್ಮೆ ಸೀರೆ ಇತ್ತು. ಹಬ್ಬ ಹತ್ತಿರ ಬಂದಿತ್ತು.

"ಅಣ್ಣ, ಹಂಗೆಲ್ಲ ಕುಟ್ಬೇಡ. ಟ್ಯಾಬ್ ಯಾಕೆ ತಂದಿರೋದು? ಅದ್ರಲ್ಲೇ ಒತ್ತು. ಅಭ್ಯಾಸ ಆಗ್ಬೇಕು," ಎಂದು ಕುಳಿತಲ್ಲಿಂದಲೇ ಕೂಗಿದೆ.

ತಟ್ಟಿದ್ದಕ್ಕೆ ಓಗೊಟ್ಟರೆ ಅವನು ತಟ್ಟುತ್ತಲೇ ಇರುತ್ತಾನೆ, ನಾನು ಏಳುತ್ತಲೇ ಇರಬೇಕಾಗುತ್ತದೆ. ಹಾಗಾಗಿ ಗೊತ್ತಿಲ್ಲದವಳಂತೆ ಇರತೊಡಗಿದೆ. ಒಂದು ದಿನ ಹಳೆಯ ಟವೆಲ್ ಮಡಚಿ ಆ ಪಟ್ಟಿಗೆ ಸುತ್ತಿ ದಾರ ಕಟ್ಟಿದೆ.

"ಇದ್ಯಾಕಮ್ಮ ಮಂಚಕ್ಕೆ ಬ್ಯಾಂಡೇಜು?" ಎಂದರು ಆಂಟಿ.

"ಕೈ ಕುಟ್ಕೊಂಡು ನೋವ್ ಮಾಡ್ಕೋತಾನೆ ಆಂಟಿ, ಅದಕ್ಕೆ," ಎಂದೆ.

ಅಣ್ಣ ನನ್ನ ಮುಖವನ್ನೇ ನೋಡಿದ. ಅದೇ ಎನ್ನಲಿಲ್ಲ. ಆಮೇಲೆ ಅವನು ತಟ್ಟಿದರೆ ಬಟ್ಟೆಯ ಮೇಲೆ ಬಟ್ಟೆ ಬಿದ್ದಷ್ಟೇ ಸದ್ದು. ನನ್ನ ಕೆಲಸ ಬೇಗ ಬೇಗ ಸಾಗಿತು.

ನಾನು ಬರೆಯಲೇಬೇಕಾದ್ದು ಬಚ್ಚಲಿನ ವಿಷಯ. ಅಲ್ಲಿಗೆ ಟ್ಯಾಬ್ ಒಯ್ಯುತ್ತಿರಲಿಲ್ಲ. ನೀರು ಬಿದ್ದರೆ ಕೆಡುತ್ತದೆ, ಒದ್ದೆ ಬೆರಳಿಗೆ ಅದು ಓಗೊಡುವುದೂ ಇಲ್ಲ. ಹಾಗಾಗಿ ಸ್ನಾನದ ಹೊತ್ತಿಗೆ ಅಣ್ಣನಿಗೆ ಮಾತೇ ಇರುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಗೀಸರ್ ನೀರಿಗೆ ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ ಹಾಕುತ್ತಿದ್ದೆ. ಒಂದು ದಿನ ಸ್ನಾನದ ನಡುವೆ ಸೀರೆ ಅಂಗಡಿಯವರ ಫೋನು ಬಂತು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಸಂಜೆಗೆ ಕೊಡುತ್ತೇನೆ, ಕೊಟ್ಟೇ ಕೊಡುತ್ತೇನೆ ಎನ್ನುತ್ತಾ ಕೈ ಅದ್ದದೆ ಒಂದು ಮಗ್ ಬೆನ್ನಿನ ಮೇಲೆ ಸುರಿದೆ.

ಟಕ್. ಕುರ್ಚಿಯ ಕೈಗೆ ಒಂದು ಏಟು.

ಕೇಳಿಸಿತು. ಜೋರಾಗಿಯೇ ಕೇಳಿಸಿತು. ಕೇಳಿಸಿಕೊಳ್ಳದೆ ಇರುವುದನ್ನು ನಾನು ಅಷ್ಟು ಚೆನ್ನಾಗಿ ರೂಢಿ ಮಾಡಿಕೊಂಡಿದ್ದೆನಲ್ಲ, ಎರಡನೇ ಮಗ್ ಸುರಿದೆ. ಆಗ ಅವನು ಕಿರುಚಿದ. ಮಾತಲ್ಲ, "ಅದೇ" ಕೂಡ ಅಲ್ಲ. ಫೋನು ನೀರಿಗೆ ಬಿತ್ತು. ಅವನ ಎಡ ಭುಜದ ಹಿಂದೆ ಅಂಗೈಯಗಲ ಚರ್ಮ ಕೆಂಪೇರಿತ್ತು. ತಣ್ಣೀರು ಹಾಕುತ್ತಾ ಹಾಕುತ್ತಾ, ನೋಡಲಿಲ್ಲ ಅಣ್ಣ, ನೋಡಲಿಲ್ಲ ಎಂದು ಅತ್ತೆ. ಅದೂ ಸುಳ್ಳು. ನೋಡಲಿಲ್ಲ ನಿಜ, ಕೇಳಿದ್ದೆ.

ಹತ್ತಿರದ ಡಾಕ್ಟರ್ ಮುಲಾಮು ಬರೆದುಕೊಟ್ಟರು. ಗುಳ್ಳೆ ಎದ್ದು, ಒಡೆದು, ಒಣಗಿತು. ಹೇಗಾಯಿತೆಂದು ಕೇಳಿದವರಿಗೆಲ್ಲ ಗೀಸರ್ ಸರಿಯಿಲ್ಲ ಎಂದೆ. ಆಂಟಿ ಪಾಪ, ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಬಿಚ್ಚಿ ನೋಡಿ, "ಸಖತ್ತಾಗಿದೆ ಆಂಟಿ, ಇದಕ್ಕೇನಾಗಿದೆ?" ಎಂದು ಮುಚ್ಚಿ ಹೋದ. ಅಣ್ಣ ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದ. ನನ್ನ ಸುಳ್ಳನ್ನು ಸುಳ್ಳು ಎನ್ನಲು ಆ ಟ್ಯಾಬಿನ ಯಾವ ಪುಟದಲ್ಲೂ ಚಿತ್ರವಿರಲಿಲ್ಲ.

ಮೆಕ್ಯಾನಿಕ್ ಬಂದು ಹೋದ ಸಂಜೆಯೇ ಟವೆಲ್ ಬಿಚ್ಚಿದೆ. ದಾರದ ಗಂಟು ಬಿಗಿಯಾಗಿ ಕೂತಿತ್ತು, ನನ್ನ ಕೈಯ ಗಂಟು ತಾನೇ. ಕತ್ತರಿ ತಂದು ಕತ್ತರಿಸಿದೆ. ಕಬ್ಬಿಣದ ಪಟ್ಟಿ ಕೈಗೆ ತಣ್ಣಗೆ ಕೊರೆಯುತ್ತದೆಂದು ಒಂದು ಮರದ ಪಟ್ಟಿ ತಂದು ಅದರ ಮೇಲೆ ಬಿಗಿಸಿದೆ. ಅದರ ಮೇಲೆ ತಟ್ಟಿದರೆ ಅಡುಗೆಮನೆಗೂ ಕೇಳುತ್ತದೆ. ಅಂಗಡಿಗೆ ಹೋಗಿ, ಇನ್ನು ಮೇಲೆ ಅರ್ಧದಷ್ಟು ಸೀರೆ ಮಾತ್ರ ಕೊಡಿ ಎಂದೆ. ಬೇರೆಯವರಿಗೆ ಕೊಡುತ್ತೇವೆ ಎಂದರು. ಕೊಡಿ ಎಂದೆ.

ಆಮೇಲೆ ಬನಶಂಕರಿಗೆ ಹೋಗಿ ಅಣ್ಣನ ಎದುರಿಗೇ ಮೇಡಂಗೆ ಎಲ್ಲವನ್ನೂ ಹೇಳಿದೆ. ಗೀಸರಿನ ಸುಳ್ಳು, ಟವೆಲ್ಲು, ಬಸ್ಸಿನ ಏಟು.

ಆಕೆ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಒಂದು ಅಂದ್ರೆ ನಿಲ್ಲಿಸು, ಎರಡು ಅಂದ್ರೆ ಹೊರಡು. ಇದು ಅವ್ರಿಗೆ ಮೊದ್ಲಿಂದನೂ ನೆನಪಿದೆಯಾ? ಇದನ್ನ ನಂಗ್ಯಾಕೆ ಹೇಳ್ಲಿಲ್ಲ ಅಕ್ಕ? ಇದ್ರ ಮೇಲೇ ಕಟ್ಕೊಂಡು ಹೋಗ್ಬೋದಿತ್ತಲ್ಲ," ಎಂದಳು.

"ಹೇಳಿದ್ರೆ ನಾನ್ ಹತ್ರ ಇರ್ಬೇಕಾಗ್ತಿತ್ತು ಮೇಡಂ," ಎಂದೆ.

ಆಕೆ ಹೇಳಿದಳು, "ಟ್ಯಾಬ್ ಇದ್ರೂ ಇರ್ಬೇಕು ಅಕ್ಕ."

ಟ್ಯಾಬ್ ಈಗಲೂ ಮನೆಯಲ್ಲಿದೆ. ಹಳೆಯ ಹಾಡು ಕೇಳಲು ಅಣ್ಣ ಇಟ್ಟುಕೊಂಡಿದ್ದಾನೆ. ಹಾಕಿಕೊಡುವುದೂ ನಿಲ್ಲಿಸುವುದೂ ನಾನೇ. ಇನ್ನೂ ಒಳ್ಳೆಯದು ಬಂದಿದೆ, ಕಣ್ಣಲ್ಲಿ ನೋಡಿದರೇ ಕೆಲಸ ಮಾಡುತ್ತದಂತೆ ಎಂದು ನೆಂಟರೊಬ್ಬರು ಹೇಳಿದರು. ಯಾರಿಗೋ ಅದರಿಂದ ಬಾಯಿ ಬಂದಿರಬಹುದು, ಇಲ್ಲ ಎನ್ನುವಷ್ಟು ಓದಿದವಳಲ್ಲ ನಾನು. ನಮ್ಮ ಮನೆಗೆ ಸದ್ಯಕ್ಕೆ ಬೇಡ ಎಂದೆ. ಮೊದಲು ನಾನು ಕೇಳಿಸಿಕೊಳ್ಳುವುದನ್ನು ಕಲಿಯಬೇಕು.

ಆದರೆ ಆ ದಿನಗಳಲ್ಲಿ ಅಣ್ಣ ತಟ್ಟಲಿಲ್ಲ. ಪಟ್ಟಿ ಹಾಕಿದ ಮೇಲೂ, ಮೇಡಂ ಎದುರು ಒಪ್ಪಿಕೊಂಡ ಮೇಲೂ, ಅವನ ಕೈ ಹೊಟ್ಟೆಯ ಮೇಲೇ ಇರುತ್ತಿತ್ತು. ಸಾರು ಬಡಿಸುತ್ತಾ ಬೇಕೆಂದೇ ಹೆಚ್ಚು ಹಾಕಿದೆ. ತಟ್ಟೆ ತುಂಬಿ ಚೆಲ್ಲುವ ಹಾಗಾದರೂ ಸುಮ್ಮನೆ ನೋಡುತ್ತಿದ್ದ. ಇರಲಿ, ಅವನು ತಟ್ಟುವವರೆಗೆ ಇಲ್ಲೇ ಕೂರುತ್ತೇನೆ ಎಂದು ಸೀರೆಯನ್ನು ಹಾಲಿಗೇ ತಂದು, ಅವನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಕಟ್ಟತೊಡಗಿದೆ. ಎಷ್ಟೋ ದಿನ ಹಾಗೇ ಕಳೆಯಿತು.

ಒಂದು ಭಾನುವಾರ ಸ್ನಾನಕ್ಕೆ ಕೂರಿಸಿದೆ. ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದೆ. ಕೈ ಅದ್ದಿ ನೋಡಿದೆ, ಅವನ ಎಡಗೈಯನ್ನೂ ಅದ್ದಿಸಿದೆ. ಹದವಾಗಿತ್ತು. ಮಗ್ ಎತ್ತಿದೆ.

ಟಕ್.

ಮಗ್ಗನ್ನು ಮೇಲೇ ಹಿಡಿದು ನಿಂತೆ. ಅವನು ತಿರುಗಿ ನನ್ನನ್ನು ನೋಡಿದ. ನಾನು ಅಲ್ಲಾಡಲಿಲ್ಲ. ಕೈ ಸೋಲತೊಡಗಿತು.

ಟಕ್ ಟಕ್.

ಸುರಿದೆ. ಎರಡನೇ ಮಗ್ ಎತ್ತಿದೆ. ಟಕ್. ನಿಂತೆ. ಈ ಸಲ ಇನ್ನೂ ಹೆಚ್ಚು ಹೊತ್ತು ನಿಲ್ಲಿಸಿದ. ಮೂರನೆಯದಕ್ಕೂ ಹಾಗೇ, ಆಮೇಲಿನದಕ್ಕೂ ಹಾಗೇ. ನೀರು ಬಿಸಿಯಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಸಿಟ್ಟು ಇಳಿದಿರಲಿಲ್ಲ. ನಾನು ನಿಲ್ಲುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದ, ಅಷ್ಟೇ.

ಕೆಳಗಿನಿಂದ ಆಂಟಿ ಕೂಗಿದರು, "ಏನಮ್ಮಾ, ಇನ್ನೂ ಮುಗೀಲಿಲ್ವಾ ಸ್ನಾನ? ಮದುವೆ ಗಂಡೇನಮ್ಮ ನಿಮ್ಮಣ್ಣ?"

ಅಣ್ಣ ಅವರ ದನಿ ಬಂದ ಕಡೆಗೆ ತಿರುಗಿ ಕುರ್ಚಿಗೆ ಒಂದು ಏಟು ಕೊಟ್ಟ. ನನಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಅವನ ಗೆಣ್ಣು ಕುರ್ಚಿಯ ಮೇಲೆಯೇ ಇತ್ತು.

ಬಕೆಟ್ಟಿನ ನೀರು ಅಷ್ಟರಲ್ಲಿ ಆರಿಹೋಗಿತ್ತು. ಅದನ್ನು ಚೆಲ್ಲಿ, ಅವನಿಗೆ ಟವೆಲ್ ಹೊದಿಸಿ, ಮತ್ತೆ ಗೀಸರ್ ಹಾಕಿದೆ. ನೀರು ಹಿಡಿದು, ಬೆರೆಸಿ, ಮೊಣಕೈವರೆಗೂ ಕೈ ಅದ್ದಿ ನೋಡಿದೆ. ಮಗ್ ತುಂಬಿ ಎತ್ತಿ ಹಿಡಿದುಕೊಂಡು, ಅವನು ಎರಡು ತಟ್ಟುವುದನ್ನು ಕಾಯುತ್ತಾ ನಿಂತೆ.