ನನ್ನ ಮೈದುನನ ಫೋನ್ ಲೈನು

ನನಗೆ ಇರುವುದು ಒಬ್ಬನೇ ಮೈದುನ, ಗೋವಿಂದರಾಜು. ನಾನು ಮದುವೆಯಾಗಿ ಹೊಸಕೋಟೆ ಕಡೆಯ ಈ ವಿಜಯಪುರಕ್ಕೆ ಬಂದಾಗ ಅವನಿಗೆ ಹತ್ತು ವರ್ಷ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಿದ್ದ. ಎಣ್ಣೆ ಎಂದರೆ ಹರಳೆಣ್ಣೆ. ಈಗಿನವರು ಮೂಗು ಮುಚ್ಚಿಕೊಳ್ಳುತ್ತೀರಿ, ಇರಲಿ. ದಿವ್ಯ, ನಿಮ್ಮ ಚಿಕ್ಕತಾತನ ವಿಷಯ ಇದು, ಬಿಡದೆ ಬರೆದುಕೋ ಕಂದ.

ಮನೆಯವರೆಲ್ಲ ರೇಷ್ಮೆಗೂಡು ಬೇಯಿಸಿ ನೂಲು ತೆಗೆದು ಬದುಕಿದವರು. ಇವನೊಬ್ಬನಿಗೆ ಆ ಬಿಸಿನೀರಿಗೆ ಕೈಯಿಟ್ಟರೆ ಬೊಬ್ಬೆ. ಅದಕ್ಕೇ ಕಂಪ್ಯೂಟರ್ ಕಲಿತ, ಮುಂದಿನ ಕೋಣೆಯಲ್ಲಿ ಒಂದನ್ನು ಇಟ್ಟು ಇಂಟರ್ನೆಟ್ ತಂದ. ಆಗ ಮನೆಯ ಫೋನಿನ ತಂತಿಯನ್ನೇ ಅದಕ್ಕೆ ಸಿಕ್ಕಿಸಬೇಕಿತ್ತು. ಸಿಕ್ಕಿಸಿದರೆ ಕೀ ಎಂದು ಕಿರುಚಿ, ಗಂಟಲು ಕೆರೆದುಕೊಂಡು, ಆಮೇಲೆ ಸುಮ್ಮನಾಗುತ್ತಿತ್ತು. ಸುಮ್ಮನಾದರೆ ನೆಟ್ ಬಂತೆಂದು ಅರ್ಥ. ಅದು ಇರುವಷ್ಟು ಹೊತ್ತು ಯಾರು ಫೋನ್ ಮಾಡಿದರೂ ಎಂಗೇಜ್.

"ಲೇ ಗೋವಿಂದ, ಗೂಡಿನ ರೇಟ್ ಹೇಳೋಕೆ ಫೋನ್ ಮಾಡ್ತಾರೆ ಕಣೋ, ಬಿಡೋ ಆ ದೆವ್ವನ!" ಎಂದು ನಮ್ಮ ಯಜಮಾನರು ದಿನಾ ಕೂಗುತ್ತಿದ್ದರು.

ಅದೇ ವರ್ಷ ಅವನ ಹೆಂಡತಿ ವಾಣಿಶ್ರೀ ಬಸುರಿ. ಚೊಚ್ಚಲು ತವರಿನಲ್ಲೇ ಆಗಬೇಕಲ್ಲ, ಕುಂದಾಣಕ್ಕೆ ಕಳಿಸಿದ್ದೆವು. ಡಾಕ್ಟರು ಇನ್ನೂ ಒಂದು ವಾರ ಇದೆ ಎಂದಿದ್ದರು. ಎರಡೂ ಮನೆಗೆ ಇದ್ದದ್ದು ಒಂದೇ ಗಾಡಿ, ಗೂಡಿನ ಮೂಟೆ ಹೊರುವ ನಮ್ಮ ವ್ಯಾನು.

ಎಸೆಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮ ಜಗಲಿಯ ತುಂಬ ಮಕ್ಕಳು. ಗೋವಿಂದರಾಜು ಒಂದೊಂದೇ ನಂಬರ್ ಒತ್ತಿ ಮಾರ್ಕ್ಸ್ ಕೂಗುತ್ತಿದ್ದ. ಮೂರು ಗಂಟೆಗೆ ಎದ್ದು, "ಸಾಕು ಅತ್ತಿಗೆ, ಫೋನ್ ಬಿಡ್ತೀನಿ. ಕುಂದಾಣದಿಂದ ಮಾಡಿದ್ರೂ ಮಾಡ್ಬೋದು" ಎಂದ.

ನಿಮ್ಮಪ್ಪ ದೇವರಾಜ್ ಗಣಿತದಲ್ಲಿ ಫೇಲು ಎಂದು ಬಂದಿತ್ತು. ನನಗೆ ನಂಬಿಕೆಯೇ ಇಲ್ಲ. "ಇನ್ನೊಂದ್ಸಲ ನೋಡಪ್ಪ, ನಂಬರ್ ತಪ್ಪಿರುತ್ತೆ" ಎಂದೆ. ಅವನು ಕೂತ. ಲೈನು ಬಿದ್ದುಹೋಯಿತು. ಮತ್ತೆ ಸಿಕ್ಕಿಸಿದ. ಪುಟ ಅರ್ಧ ಬಂದು ನಿಂತಿತು. "ಇನ್ನೊಂದೇ ಸಲ" ಎಂದೆ. ಹೀಗೆ ಐದು ಗಂಟೆಯಾಯಿತು. ಫೇಲು ಫೇಲಾಗಿಯೇ ಇತ್ತು.

ಅಷ್ಟರಲ್ಲಿ ವಾಣಿಶ್ರೀಯ ಅಣ್ಣ ಸಿದ್ದರಾಜು ಯಾರದೋ ಬೈಕಿನಲ್ಲಿ ಬಂದು, ಗಾಡಿ ನಿಲ್ಲಿಸುವ ಮೊದಲೇ ಕೂಗಿದ. "ಭಾವ, ಎಷ್ಟು ಸಲ ಮಾಡ್ಲಿ? ಬರೀ ಎಂಗೇಜು, ಎಂಗೇಜು!" ಮಗು ಹುಟ್ಟಿದೆ, ರಕ್ತ ನಿಲ್ಲುತ್ತಿಲ್ಲ, ಆಸ್ಪತ್ರೆಗೆ ಸಾಗಿಸಲು ಗಾಡಿಯಿಲ್ಲ ಎಂದ. ವ್ಯಾನು ಕುಂದಾಣ ಮುಟ್ಟುವಾಗ ಅವಳು ಹೋಗಿದ್ದಳು. ಕೂಸು ಅಕ್ಷತ ಉಳಿಯಿತು.

ಮಾರನೆಯ ದಿನದಿಂದ ಅವನು ಆ ಕೋಣೆಗೆ ಹೋಗಲಿಲ್ಲ. ಇನ್ನೊಂದು ಮದುವೆಗೂ ಒಪ್ಪಲಿಲ್ಲ. ಮಗಳನ್ನು ಅವನೇ ಮೀಸಿ, ಜಡೆ ಹಾಕಿ ಬೆಳೆಸಿದ. ಫೋನಿನ ಸಂಗತಿಯನ್ನು ಮಾತ್ರ ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಈ ವರ್ಷ ಬಸುರಿಯಾದ ಅಕ್ಷತಳಿಗೆ ಏಳು ತಿಂಗಳಾದಾಗ ಬಾಣಂತನಕ್ಕೆ ಕರೆತಂದೆವು. ಅವನ ಸಂಭ್ರಮ ನೀನೇ ನೋಡಿದೆಯಲ್ಲ, ಅಂಟಿನುಂಡೆಗೆ ಬೇಕಾದ ಗೋಂದನ್ನು ಎರಡು ತಿಂಗಳು ಮೊದಲೇ ತಂದಿಟ್ಟ. ಆದರೆ ಅವಳಿಗೆ ಒಂಬತ್ತನೇ ತಿಂಗಳವರೆಗೂ ಮನೆಯಿಂದಲೇ ಕೆಲಸ, ಅದಕ್ಕೆ ನೆಟ್ ಬೇಕು. ಮೂರು ಲೈನುಗಳನ್ನು ತೂಗಿ ನೋಡಿದಳು. ಗೌರ್ಮೆಂಟಿನದು ಕಮ್ಮಿ ಬಾಡಿಗೆ, ಆದರೆ ಹಾಕಿಕೊಡಲು ತಡ. ಕಂಪನಿಯದು ಬಲು ಜೋರು, ಆರು ತಿಂಗಳದ್ದು ಒಟ್ಟಿಗೆ ಕಟ್ಟಬೇಕು. ಕೊನೆಗೆ ನಮ್ಮೂರಿನ ಕೇಬಲ್ ಕೆಂಪರಾಜನದೇ ಎಂದಾಯಿತು.

"ಕಂಪನಿಯೋರು ಕಂಪ್ಲೇಂಟ್ ನಂಬರ್ ಕೊಡ್ತಾರಮ್ಮ, ನಾನು ಏಣಿ ತಗೊಂಡು ಬರ್ತೀನಿ" ಎಂದ ಅವನು.

ಗೋವಿಂದರಾಜು ಕೇಳಿದ್ದು ಒಂದೇ. "ನೆಟ್ ಓಡ್ತಿರೋವಾಗ ಯಾರಾದ್ರೂ ಫೋನ್ ಮಾಡಿದ್ರೆ ಬರುತ್ತಾ?"

ಕೆಂಪರಾಜ್ ನಕ್ಕುಬಿಟ್ಟ. "ಏನಣ್ಣ, ನೀವೇ ಊರಿಗೆ ನೆಟ್ ತೋರಿಸ್ದೋರು! ಎಲ್ರ ಜೇಬಲ್ಲೂ ಮೊಬೈಲ್ ಐತೆ."

ಗೋವಿಂದರಾಜುವಿಗೆ ಗೊತ್ತಿಲ್ಲವೇ? ಗೊತ್ತಿಲ್ಲದವನಾದರೆ ಹೇಳಿಕೊಡಬಹುದಿತ್ತು. ಗೊತ್ತಿದ್ದೂ, ನೆಟ್ಟಿನ ಡಬ್ಬಿಯ ದೀಪ ಹತ್ತಿದ್ದು ಕಂಡರೆ ಅವನಿಗೆ ಕೂರಲಾಗದು. ಗಂಟೆಗೊಮ್ಮೆ ಹೋಗಿ ಸ್ವಿಚ್ ಆರಿಸುತ್ತಿದ್ದ. ಒಳಗೆ ಅಕ್ಷತಳ ಮೀಟಿಂಗು ಅರ್ಧಕ್ಕೇ ನಿಲ್ಲುತ್ತಿತ್ತು.

"ಅಪ್ಪ, ಕೆಲಸ ಹೋಗುತ್ತೆ! ಯಾಕೆ ಹಿಂಗ್ ಮಾಡ್ತೀಯ?"

"ಒಂದೈದು ನಿಮಿಷ ಕಣಮ್ಮ. ಯಾರಾದ್ರೂ ಮಾಡ್ತಿದ್ರೆ?"

ಸ್ವಿಚ್ಚಿಗೆ ಟೇಪ್ ಅಂಟಿಸಿದಳು, ಕಿತ್ತ. ಡಬ್ಬಿಯನ್ನೇ ತನ್ನ ಕೋಣೆಗೆ ಹಾಕಿಸಿಕೊಂಡಳು, ಹೊರಗೆ ಮೇನ್ ಆಫ್ ಮಾಡಿದ. ಹನ್ನೊಂದನೇ ದಿನ ಹೊಸಕೋಟೆಯಿಂದ ಗಂಡ ಸುನಿಲ್‌ಕುಮಾರನನ್ನು ಕರೆಸಿಕೊಂಡಳು. ಬಾಣಂತನ ಅತ್ತೆಮನೆಯಲ್ಲೇ ಆಗಲಿ ಎಂದಳು.

ಕಾರು ಹತ್ತುವಾಗ ನನ್ನ ಕೈ ಹಿಡಿದು, "ದೊಡ್ಡಮ್ಮ, ನಾನು ಬಂದಿದ್ದು ಅಪ್ಪಂಗೆ ಇಷ್ಟ ಇರ್ಲಿಲ್ವಾ?" ಎಂದು ಕೇಳಿದಳು.

ಮಾತು ಬಾಯಿಯವರೆಗೂ ಬಂತು. "ವಯಸ್ಸಾಯ್ತಲ್ಲವ್ವ, ಬಿಡು" ಎಂದಷ್ಟೇ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಬಾಗಿಲು ಹಾಕಿಕೊಂಡಳು.

ಒಳಗೆ ಬಂದರೆ ಗೋವಿಂದರಾಜು ಅವಳ ಹಾಸಿಗೆ ಸುತ್ತುತ್ತಿದ್ದ. ತಲೆಯೆತ್ತದೆ, "ಹೇಳ್ಬಿಟ್ರಾ ಅತ್ತಿಗೆ?" ಎಂದ.

"ಇಲ್ಲಪ್ಪ."

"ಹೇಳ್ಬೇಡಿ. ನಿಮ್ಮನ್ನೂ ಮಾತಾಡ್ಸೋದು ಬಿಟ್ಬಿಡ್ತಾಳೆ."

ಇನ್ನೊಂದೇ ಸಲ ಎಂದು ಅವತ್ತು ಕೂರಿಸಿದ್ದಕ್ಕೆ ಇಪ್ಪತ್ನಾಲ್ಕು ವರ್ಷ ಅವನು ನನ್ನನ್ನು ಒಂದು ಮಾತು ಬೈದವನಲ್ಲ. ಬೈದಿದ್ದರೆ ಆ ಕಾರು ಹೋಗುವಾಗ ನಾನು ಬಾಯಿ ಬಿಡುತ್ತಿದ್ದೆನೋ ಏನೋ.